ಒಂದೂ ಚೌಕ ಖಾಲಿ ಬಿಡದ ಶಿವಯೋಗೀಶ

ಹಳೇ ಹುಬ್ಬಳ್ಳಿಯ ಶಿವಯೋಗೀಶನಿಗೆ ಯಾವ ರೋಗವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳಿದರೆ ಯಾರೂ ನಂಬುವುದಿಲ್ಲ. ವಯಸ್ಸು ಐವತ್ತಮೂರು. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು, ಕೂದಲು ಸ್ವಲ್ಪ ಹಿಂದೆ ಸರಿದಿತ್ತು, ಅಷ್ಟೇ. ದಿನಕ್ಕೆ ಇಪ್ಪತ್ತು ಸಲ ಸೀನುತ್ತಿದ್ದದ್ದು ನಿಜ. ಆದರೆ ಒಣಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿ ಕೂತವನು ಸೀನದೆ ಇನ್ನೇನು ಮಾಡಿಯಾನು?

ಆ ಅಂಗಡಿಯಲ್ಲಿ ಅವನ ಕೆಲಸ ಫಾರಂ ತುಂಬುವುದು. ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ಸಲ ಒಂದು ಚೌಕ ಖಾಲಿ ಬಿಟ್ಟಿದ್ದ. ಆ ಫಾರಂ ವಾಪಸು ಬಂದು, ಮೆಣಸಿನಕಾಯಿ ಹೇರಿದ ಲಾರಿ ಮೂರು ದಿನ ನಿಂತಲ್ಲೇ ನಿಂತು, ಮಾಲೀಕರು ಎಲ್ಲರೆದುರು ಅವನ ಬೆವರು ಇಳಿಸಿದ್ದರು. ಅಂದಿನಿಂದ ಶಿವಯೋಗೀಶ ಒಂದು ವ್ರತ ಹಿಡಿದ. ಫಾರಂ ಯಾರದೇ ಇರಲಿ, ಯಾತರದೇ ಇರಲಿ, ಅವನ ಕೈಗೆ ಬಂದ ಮೇಲೆ ಅದರಲ್ಲಿ ಖಾಲಿ ಚೌಕ ಇರಕೂಡದು. ಬರೆಯುವುದಿದ್ದರೆ ಬರೆಯುತ್ತಿದ್ದ, ಇಲ್ಲದಿದ್ದರೆ ಒಂದು ಸರಿ ಗುರುತು ಎಳೆಯುತ್ತಿದ್ದ. ಈ ಕಥೆಯಲ್ಲಿ ತಪ್ಪು ಯಾರದಾದರೂ ಇದ್ದರೆ ಅದು ಆ ಲಾರಿಯದು.

ಶುರುವಾದದ್ದು ಒಂದು ಭಾನುವಾರ. ಕೇಶ್ವಾಪುರದಿಂದ ಬೀಗರು ಬಂದಿದ್ದರು, ಅಂದರೆ ಮಗಳು ಐಶ್ವರ್ಯಾಳ ಅತ್ತೆ ಮಾವ. ಅವರು ಅಂಡಮಾನಿಗೆ ಹೋಗಿ ಬಂದು ಎಂಟು ದಿನವಾಗಿತ್ತು. ಬೀಗಿತಿ ಸಂಗವ್ವ ಮೊಬೈಲಿನಲ್ಲಿ ನಾನೂರು ಫೋಟೋ ತಂದಿದ್ದಳು. ಅವುಗಳಲ್ಲಿ ಮುನ್ನೂರ ತೊಂಬತ್ತರಲ್ಲಿ ಸಂಗವ್ವ ಇದ್ದಳು, ಉಳಿದ ಹತ್ತರಲ್ಲಿ ಸಮುದ್ರವಿತ್ತು.

“ನೀವು ಎಲ್ಲೂ ಹೋಗೂದಿಲ್ಲ ಬಿಡ್ರಿ ಬೀಗರ,” ಅಂದಳು ಸಂಗವ್ವ, ಚಹಾದ ಕಪ್ಪು ಕೆಳಗಿಡುತ್ತ. “ನಿಮಗ ಉಣಕಲ್ ಕೆರಿನ ಸಮುದ್ರ.”

ಈ ಮಾತು ಶಿವಯೋಗೀಶನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಹೆಂಡತಿ ದಾಕ್ಷಾಯಿಣಿ ಅಡಿಗೆ ಮನೆಯಲ್ಲಿ ಇದ್ದಾಳೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದ: “ನಾನೂ ಹೊಂಟೇನ್ರಿ. ಈ ಶನಿವಾರ ಬಿಟ್ಟು ಮುಂದಿನ ಶನಿವಾರ, ಕಾರವಾರದ ಕಡಿ. ದ್ವೀಪ ಅದಾವಲ್ರಿ, ಅಲ್ಲಿ. ಬೋಟಿನಾಗ ಹೋಗೂದು, ಗಾಳ ಹಾಕೂದು, ನೀರಾಗ ತಲಿ ಇಟ್ಟು ಮೀನ ನೋಡೂದು. ಮನ್ಯಾಗ ಹೇಳಿಲ್ಲ, ನೀವೂ ಹೇಳಬ್ಯಾಡ್ರಿ.”

ಹೇಳುವ ತನಕ ಅವನಿಗೂ ಈ ವಿಷಯ ಗೊತ್ತಿರಲಿಲ್ಲ. ಹೇಳಿದ ಮೇಲೆ ಹೋಗದೆ ಗತಿಯಿರಲಿಲ್ಲ. ದಾಕ್ಷಾಯಿಣಿಗೆ ಹೇಳುವ ಹಾಗೂ ಇರಲಿಲ್ಲ. ಅವಳಿಗೆ ನೀರೆಂದರೆ ಜೀವ ಹೋದಂತೆ; ಉಣಕಲ್ ಕೆರೆಯಲ್ಲಿ ಕಾಲಿನಿಂದ ತುಳಿಯುವ ದೋಣಿ ಇದೆಯಲ್ಲ, ಅದನ್ನೂ ಗಂಡನಿಗೆ ಹತ್ತಗೊಟ್ಟಿರಲಿಲ್ಲ.

ಅವನು ನೇರವಾಗಿ ಹಿಂದಿನ ಓಣಿಯ ಅಮೀನಸಾಬನ ಹತ್ತಿರ ಹೋದ. ಅಮೀನಸಾಬ ಬೋರವೆಲ್ ಮೋಟಾರು ರಿಪೇರಿ ಮಾಡುವವನು, ಕನ್ನಡ ಸಾಲಿಯಿಂದಲೂ ಗೆಳೆಯ. ಅವನ ತಂಗಿಯನ್ನು ಕಾರವಾರಕ್ಕೆ ಕೊಟ್ಟಿತ್ತು, ಆ ಮನೆಯವರಿಗೆ ಪ್ರವಾಸಿಗರನ್ನು ದ್ವೀಪಗಳ ಕಡೆ ಒಯ್ಯುವ ಬೋಟಿನವರ ಪರಿಚಯವಿತ್ತು. ಮೂರು ದಿನದಲ್ಲಿ ಅಮೀನಸಾಬ ಒಂದು ಫಾರಂ ತರಿಸಿಕೊಟ್ಟ. ಜೊತೆಗೆ ಅಭ್ಯಾಸಕ್ಕೆಂದು ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ ಮತ್ತು ಬಾಯಲ್ಲಿ ಕಚ್ಚಿಕೊಳ್ಳುವ ಒಂದು ಬಾಗಿದ ಕೊಳವೆ.

“ಇದಕ್ಕ ಸ್ನಾರ್ಕೆಲಿಂಗ್ ಅಂತಾರ,” ಎಂದ ಅಮೀನಸಾಬ. “ಬಾಯಿಂದ ಉಸರಾಡಬೇಕು. ಮೂಗಿಂದ ಆಡಿದ್ರ ಕೆಟ್ಟಿ.”

ಆ ವಾರವೆಲ್ಲ ಶಿವಯೋಗೀಶ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಬಕೆಟ್ಟಿನಲ್ಲಿ ತಲೆ ಇಟ್ಟ. ಹೊರಗೆ ದಾಕ್ಷಾಯಿಣಿಗೆ ಗುಳುಗುಳು ಸದ್ದು ಕೇಳುತ್ತಿತ್ತು, ಆಮೇಲೆ ಕೆಮ್ಮು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. “ಏನಾತ್ರಿ?” ಎಂದು ಕೂಗಿದರೆ “ಏನಿಲ್ಲ” ಎನ್ನುವ ಉತ್ತರ, ಅದೂ ಮೂಗು ಕಟ್ಟಿದ ದನಿಯಲ್ಲಿ. ಸಂಜೆ ಮಾಳಿಗೆಯ ಮೇಲೆ ನೀರಿನ ಟಾಕಿಯ ಮರೆಯಲ್ಲಿ ಕೂತು, ಮುಖವಾಡ ಹಾಕಿ, ಕೊಳವೆ ಕಚ್ಚಿ, ಕಣ್ಣು ಮುಚ್ಚಿ ಅರ್ಧ ತಾಸು ಬಾಯಿಂದ ಉಸಿರಾಡುತ್ತಿದ್ದ.

ಟಾಕಿ ಒಂದು ಕಡೆ ಮರೆಮಾಡಿತ್ತು, ಇನ್ನೊಂದು ಕಡೆ ರಾಜಬಿಯ ಮಾಳಿಗೆ ಇತ್ತು. ರಾಜಬಿ ಒಣಹಾಕಿದ ಶಾವಿಗೆ ತೆಗೆಯಲು ಬಂದವಳು ನೋಡಿದಳು. ಮುಖದ ತುಂಬ ಗಾಜು, ಬಾಯಲ್ಲಿ ಕೊಳವೆ, ಎದೆ ಮೇಲೆ ಕೆಳಗೆ ಆಗುತ್ತಿದೆ. ಕೊರೋನಾ ಕಾಲದಲ್ಲಿ ತನ್ನ ಮಾವನಿಗೆ ಹಚ್ಚಿದ್ದು ಇಂಥದ್ದೇ ಎಂದು ಅವಳಿಗೆ ಅನ್ನಿಸಿತು. ಶಾವಿಗೆಯನ್ನು ಅಲ್ಲೇ ಬಿಟ್ಟು ಕೆಳಗಿಳಿದಳು.

“ಅಕ್ಕಾ, ಅಣ್ಣಾರಿಗೆ ಉಸರಿನ ಮಷೀನ್ ಹಚ್ಚ್ಯಾರೇನ?” ಎಂದು ದಾಕ್ಷಾಯಿಣಿಯ ಕೈ ಹಿಡಿದು ಕೇಳಿದಳು. “ನಿನಗ ಗೊತ್ತಾಗಬಾರದಂತ ಮ್ಯಾಲ ಕುಂತು ಹಚ್ಚಿಕೊಳ್ಳಾಕತ್ತಾರ ನೋಡ.”

ದಾಕ್ಷಾಯಿಣಿಗೆ ಬಚ್ಚಲಿನ ಗುಳುಗುಳು ನೆನಪಾಯಿತು. ಅಷ್ಟೇ ಆಗಿದ್ದರೆ ಗಂಡನನ್ನು ಕೂರಿಸಿ ಕೇಳಿಬಿಡುತ್ತಿದ್ದಳೋ ಏನೋ. ಆದರೆ ಮರುದಿನ ಅಂಗಿ ಒಗೆಯಲು ತೆಗೆದಾಗ ಕಿಸೆಯಲ್ಲಿ ಆ ಫಾರಂ ಸಿಕ್ಕಿತು.

ಮೇಲ್ಗಡೆ ಇಂಗ್ಲಿಷಿನಲ್ಲಿ ಏನೋ ಹೆಸರು, ಅದರ ಕೆಳಗೆ ಮೇಲೆ ಹೋಗಿ ಕೆಳಗೆ ಇಳಿಯುವ ಒಂದು ನೀಲಿ ಗೆರೆ. ಬೋಟಿನವರು ಅದನ್ನು ಅಲೆ ಎಂದು ಬರೆಸಿದ್ದರು. ದಾಕ್ಷಾಯಿಣಿಗೆ ಅದು ಎದೆ ಬಡಿತದ ಗೆರೆಯಾಗಿ ಕಂಡಿತು. ಕೆಳಗೆ ಕನ್ನಡದಲ್ಲಿ ಹೀಗಿತ್ತು: ‘ನನ್ನ ಪ್ರಾಣಕ್ಕೆ ಏನಾದರೂ ಅಪಾಯವಾದಲ್ಲಿ ನಾನಾಗಲಿ ನನ್ನ ವಾರಸುದಾರರಾಗಲಿ ಯಾರನ್ನೂ ಹೊಣೆ ಮಾಡುವುದಿಲ್ಲ. ಆ ದಿನ ಹೊಟ್ಟೆ ತುಂಬ ಉಂಡು ಬರಬಾರದು. ಉಂಗುರ, ಸರ ತೆಗೆದಿಟ್ಟು ಬರಬೇಕು.’ ದಿನಾಂಕ ಶನಿವಾರದ್ದು, ಊರು ಕಾರವಾರ. ಅದರ ಕೆಳಗೆ ‘ನಿಮಗೆ ಇವು ಇವೆಯೇ?’ ಎಂದು ಕೇಳಿ ಸಾಲಾಗಿ ಚೌಕಗಳು. ಹೃದಯದ ತೊಂದರೆ, ರಕ್ತದ ಒತ್ತಡ, ಉಬ್ಬಸ, ಮೂರ್ಛೆ. ಎಲ್ಲದಕ್ಕೂ ಶಿವಯೋಗೀಶ ತನ್ನ ಗುಮಾಸ್ತಿಕೆಯ ಚೊಕ್ಕ ಕೈಯಿಂದ ಸರಿ ಗುರುತು ಎಳೆದಿದ್ದ. ಮುಂದಿನ ಚೌಕಗಳನ್ನು ಓದಲು ಅವಳ ಕಣ್ಣು ಒಪ್ಪಲಿಲ್ಲ, ನೀರು ತುಂಬಿತ್ತು.

ಕೊನೆಯ ಸಾಲು ಮಾತ್ರ ಕಂಡಿತು. ‘ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು?’ ಅಲ್ಲಿ ಬರೆದಿತ್ತು: ದ್ಯಾಮಣ್ಣ, ಅಣ್ಣ, ಲಕಮನಹಳ್ಳಿ, ಧಾರವಾಡ. ಜೊತೆಗೆ ಫೋನ್ ನಂಬರು.

ದಾಕ್ಷಾಯಿಣಿ ಬಚ್ಚಲ ಕಲ್ಲಿನ ಮೇಲೇ ಕುಸಿದು ಕೂತಳು. ಅಣ್ಣ ತಮ್ಮ ಮಾತು ಬಿಟ್ಟು ಆರು ವರ್ಷವಾಗಿತ್ತು.

ಆ ಮಾತು ಬಿಟ್ಟ ಕಾರಣ ಇಷ್ಟೇ. ಐಶ್ವರ್ಯಾಳ ಮದುವೆಗೆ ಕರೆಯಲು ಶಿವಯೋಗೀಶ ಧಾರವಾಡಕ್ಕೆ ಹೋದಾಗ ಅಣ್ಣನ ಮನೆಗೆ ಕೀಲಿ ಇತ್ತು. ಒಂದು ತಾಸು ಕಾದ. ಬಸ್ಸಿಗೆ ಹೊತ್ತಾಯಿತೆಂದು ಲಗ್ನಪತ್ರಿಕೆಯನ್ನು ಬಾಗಿಲ ಸಂದಿಯಲ್ಲಿ ಒಳಗೆ ಸರಿಸಿ ಬಂದ. ದ್ಯಾಮಣ್ಣ ಕೈಗಾರಿಕಾ ವಸಾಹತಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫೋರಮನ್ ಆಗಿದ್ದವನು. ಎಲ್ಲವೂ ಅಳತೆಗೆ ಸರಿಯಾಗಿರಬೇಕು. ಕುಂಕುಮ ಹಚ್ಚಲಿಲ್ಲ, ಅಕ್ಷತೆ ಕೊಡಲಿಲ್ಲ, ಬಾಯಿಬಿಟ್ಟು ಬಾ ಅನ್ನಲಿಲ್ಲ. “ಕರೆಂಟ್ ಬಿಲ್ ಒಗದಂಗ ಒಗದು ಹೋಗ್ಯಾನ” ಎಂದ. ಮದುವೆಗೆ ಬರಲಿಲ್ಲ. ಬರಲಿಲ್ಲವಲ್ಲ ಎಂದು ಇವನಿಗೆ ಸಿಟ್ಟು, ಕರೆಯಲಿಲ್ಲವಲ್ಲ ಎಂದು ಅವನಿಗೆ.

ಇನ್ನು ಶಿವಯೋಗೀಶ ಆ ಚೌಕದಲ್ಲಿ ಅಣ್ಣನ ಹೆಸರು ಬರೆದದ್ದು ಯಾಕೆ? ಹೆಂಡತಿಯ ನಂಬರು ಕೊಟ್ಟರೆ ಬೋಟಿನವರು ಫೋನ್ ಮಾಡಿ ಗುಟ್ಟು ಹೊರಗೆ ಹಾಕುತ್ತಾರೆ. ಉಳಿದವರ ನಂಬರೆಲ್ಲ ಮೊಬೈಲಿನಲ್ಲಿದ್ದವು, ಮೊಬೈಲು ಚಾರ್ಜಿಗೆ ಇಟ್ಟಿತ್ತು. ಬಾಯಿಪಾಠ ಇದ್ದ ನಂಬರು ಅದೊಂದೇ. ಚೌಕ ಖಾಲಿ ಬಿಡುವ ಹಾಗಿರಲಿಲ್ಲ.

ದಾಕ್ಷಾಯಿಣಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಇದು ಆಪರೇಷನ್ನಿನ ಕಾಗದ, ತಾನು ಹೆದರಬಾರದೆಂದು ಗಂಡ ಮುಚ್ಚಿಟ್ಟಿದ್ದಾನೆ, ಆದ್ದರಿಂದ ತನಗೆ ಗೊತ್ತಾದದ್ದನ್ನು ತಾನೂ ಮುಚ್ಚಿಡಬೇಕೆಂದು ತೀರ್ಮಾನಿಸಿದಳು. ಫಾರಂ ಮತ್ತೆ ಒಣಗಿದ ಅಂಗಿಯ ಕಿಸೆ ಸೇರಿತು. ದ್ಯಾಮಣ್ಣನಿಗೆ ಫೋನ್ ಹೋಯಿತು. ರಾಜಬಿಗೂ ಸಂಗವ್ವನಿಗೂ ಮಾತ್ರ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿ, ಹೇಳಿದಳು. ಸಂಜೆಯೊಳಗೆ ಹಳೇ ಹುಬ್ಬಳ್ಳಿಗೆಲ್ಲ ಗೊತ್ತಾಯಿತು.

ಸಂಗವ್ವನಾದರೂ ನಿಜ ಹೇಳಬಹುದಿತ್ತು. ಅವಳಿಗೆ ದ್ವೀಪದ ವಿಷಯ ಗೊತ್ತಿತ್ತಲ್ಲ. ಅವಳು ಹೇಳಿಯೂ ಹೇಳಿದಳು: “ಅಯ್ಯ, ಅವತ್ತ ನನಗ ದ್ವೀಪ, ಬೋಟು ಅಂತ ಏನೇನೋ ಅಂದ್ರು. ಈಗ ತಿಳೀತು ನೋಡ್ರಿ. ಬ್ಯಾನಿ ಮುಚ್ಚಿಕೊಳ್ಳಾಕ ದ್ವೀಪ ಅಂದಾರ. ನಿಮ್ಮ ಮನಿಯವರ ಮಾರಿಗೆ ದ್ವೀಪ ಒಪ್ಪತೈತೇನ್ರಿ?” ಇದಾದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ.

ಬುಧವಾರ ಸಂಜೆ ಶಿವಯೋಗೀಶ ಅಂಗಡಿಯಿಂದ ಬಂದಾಗ ಮನೆಯ ಮುಂದೆ ಮೂವತ್ತು ಜೊತೆ ಚಪ್ಪಲಿ ಇದ್ದವು. ದಾಕ್ಷಾಯಿಣಿಯ ಅವ್ವ ಊರಿಂದ ಬಂದು ಇಲ್ಲೇ ಇದ್ದಳು, ಎಂಬತ್ತೆರಡು ವಯಸ್ಸು. ಹೋಗಿಬಿಟ್ಟಳು ಎಂದುಕೊಂಡ. ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದರೆ ಎಲ್ಲರೂ ಅವನಿಗಿಂತ ಸಣ್ಣ ಮುಖ ಮಾಡಿಕೊಂಡು ಅವನನ್ನೇ ನೋಡಿದರು. ಕಾಟಿನ ಮೇಲೆ ಬ್ರೆಡ್ಡಿನ ಪೊಟ್ಟಣ, ಬಿಸ್ಕತ್ತು, ಮೋಸಂಬಿ, ಎಳನೀರು. ಸತ್ತ ಮನೆಗೆ ಮೋಸಂಬಿ ಯಾಕೆ ತಂದಿದ್ದಾರೆಂದು ಅವನಿಗೆ ಹೊಳೆಯಲಿಲ್ಲ.

“ಯಾವಾಗ ಆತು?” ಎಂದು ಕೇಳಿದ.

ದಾಕ್ಷಾಯಿಣಿ ಸೆರಗು ಬಾಯಿಗಿಟ್ಟುಕೊಂಡಳು.

“ಅಳಬ್ಯಾಡ,” ಎಂದು ಹೆಂಡತಿಯ ಬೆನ್ನು ಸವರಿದ. “ವಯಸ್ಸಾಗಿತ್ತು. ಭಾಳ ನರಳದಂಗ ಹೋದ್ರಲ್ಲ, ಅದ ಪುಣ್ಯಾ. ಮಣ್ಣು ಯಾವಾಗ?”

ಅಷ್ಟರಲ್ಲಿ ಅತ್ತೆ ಅಡಿಗೆ ಮನೆಯಿಂದ ಚಹಾದ ತಟ್ಟೆ ಹಿಡಿದು ಹೊರಗೆ ಬಂದಳು. ಶಿವಯೋಗೀಶ ಕೂಗಿಕೊಂಡು ಗೋಡೆಗೆ ಒರಗಿದ. ಮೂಲೆಯಲ್ಲಿ ಕೂತಿದ್ದ ರಾಜಬಿ ಪಕ್ಕದವಳ ಕಿವಿಯಲ್ಲಿ ಹೇಳಿದಳು: “ತಲಿಗೂ ಏರೇತಿ.”

ಅಂದಿನಿಂದ ಎರಡು ದಿನ ಜನ ಬಂದರು, ಮಾತಾಡಿಸಿದರು, ಹೋದರು. ರೋಗದ ಹೆಸರು ಯಾರೂ ಎತ್ತಲಿಲ್ಲ, ರೋಗಿಯ ಮುಂದೆ ಎತ್ತಬಾರದಲ್ಲ. ಬರೀ ಕೈ ಹಿಡಿದರು. “ನನಗೇನಾಗೇತ್ರಿ? ನಾ ಗಟ್ಟಿ ಅದೇನಿ” ಎಂದು ಶಿವಯೋಗೀಶ ಹೇಳಿದಾಗಲೆಲ್ಲ “ಹಿಂಗ ಧೈರ್ಯ ಇರಬೇಕು ನೋಡ್ರಿ” ಎಂದು ಕಣ್ಣೊರೆಸಿಕೊಂಡರು. ಹೆಂಡತಿ ರೊಟ್ಟಿ ಮುಚ್ಚಿಟ್ಟು ಗಂಜಿ ಕೊಟ್ಟಳು. ರೊಟ್ಟಿ ಕೇಳಿದರೆ ಅತ್ತಳು. ಗಂಜಿ ಕುಡಿದು ಕುಡಿದು ಅವನು ನಿಜಕ್ಕೂ ಸ್ವಲ್ಪ ಬಾಡಿದ. ತನಗೆ ಏನೋ ಆಗಿದ್ದರೂ ಆಗಿರಬಹುದು, ಎಲ್ಲರಿಗೂ ಗೊತ್ತಿದ್ದು ತನಗೊಬ್ಬನಿಗೆ ಹೇಳಿಲ್ಲ ಎಂಬ ಅನುಮಾನ ಗುರುವಾರ ಮಧ್ಯಾಹ್ನದ ಹೊತ್ತಿಗೆ ಅವನಿಗೂ ಶುರುವಾಯಿತು.

ಗುರುವಾರ ಸಂಜೆ ದ್ಯಾಮಣ್ಣ ಬಂದ.

ಅರವತ್ತೊಂದು ವಯಸ್ಸು, ನೆಟ್ಟಗೆ ನಿಲ್ಲುವ ಆಳು, ಕೈಯಲ್ಲಿ ಒಂದು ಡಜನ್ ಮೋಸಂಬಿ. ಬಾಗಿಲಲ್ಲಿ ನಿಂತಾಗ ಕೂತವರೆಲ್ಲ ಎದ್ದು ಹಿತ್ತಲಿಗೆ ಸರಿದರು. ದ್ಯಾಮಣ್ಣ ಬಂದು ಕಾಟಿನ ಮೇಲೆ ಕೂತ. ಗೋಡೆ ನೋಡಿದ, ಫ್ಯಾನ್ ನೋಡಿದ. ಆಮೇಲೆ ತಮ್ಮನ ಮುಖ ನೋಡಿದ.

“ಶಿವ್ಯಾ, ಊಟಾ ಮಾಡಿದೇನು?”

ಆರು ವರ್ಷದ ಮೇಲೆ ಬಂದ ಮೊದಲ ಮಾತು. “ಗಂಜಿ ಕುಡದೇನಿ” ಎಂದ ಶಿವಯೋಗೀಶ.

“ಕುಡಿ. ಫಾರಂನಾಗ ಹೊಟ್ಟಿ ತುಂಬ ಉಣಬಾರದಂತ ಬರದೈತಂತ. ದಾಕ್ಷಾಯಿಣಿ ಓದಿ ಹೇಳಿದ್ಲು.” ದ್ಯಾಮಣ್ಣ ಸ್ವಲ್ಪ ಹೊತ್ತು ಮೋಸಂಬಿಯ ಚೀಲವನ್ನು ಸರಿಪಡಿಸಿದ. “ಎದಿದು, ಉಸರಿಂದು, ಎಲ್ಲಾ ಗುರುತು ಹಾಕೀಯಂತ. ಶನಿವಾರ ಕಾರವಾರದಾಗ ಆಪರೇಷನ್ ಅಂತ. ನನಗ ಒಂದ ಮಾತ ಹೇಳಬಾರದೇನ? ಆದ್ರೂ ಕಡೀಕ ನನ್ನ ಹೆಸರ ಬರದೀಯಲ್ಲ. ಯಾರಿಗೆ ತಿಳಸಬೇಕು ಅಂದ್ರ ನನ್ನ ಹೆಸರ ಬರದೀ. ಅದನ್ನ ಕೇಳಿ ನನಗ ಮನ್ಯಾಗ ಕುಂದರಾಕ ಆಗಲಿಲ್ಲ.”

ಆಗ ಶಿವಯೋಗೀಶನಿಗೆ ಗೊತ್ತಾಯಿತು. ಬ್ರೆಡ್ಡು, ಗಂಜಿ, ಕಣ್ಣೀರು, ಎಲ್ಲ ಒಂದು ಕಾಗದದಿಂದ ಬಂದದ್ದೆಂದು ಗೊತ್ತಾಯಿತು. ಎರಡು ದಿನ ನಲವತ್ತು ಜನರಿಗೆ “ನಾ ಗಟ್ಟಿ ಅದೇನಿ” ಎಂದು ಹೇಳಿದವನು ಈಗಲೂ ಹೇಳಲು ಬಾಯಿ ತೆರೆದ. ಹೇಳಿದರೆ ಅಣ್ಣ ನಂಬುತ್ತಾನೆ, ಅವನೊಬ್ಬನೇ ನಂಬುವವನು. ನಂಬಿದ ಕೂಡಲೇ ಎದ್ದು ಹೋಗುತ್ತಾನೆ. ಹೋದರೆ ಇನ್ನು ಬರುವುದಿಲ್ಲ.

ಶಿವಯೋಗೀಶ ಎರಡು ಸಲ ಕೆಮ್ಮಿದ.

“ಮಾತಾಡಬ್ಯಾಡ,” ಎಂದ ದ್ಯಾಮಣ್ಣ. “ನಾನ ಕರಕೊಂಡು ಹೊಕ್ಕೇನಿ. ದಾಕ್ಷಾಯಿಣಿ ಇಲ್ಲೇ ಇರ್ಲಿ, ಅಲ್ಲಿ ಅಳೋರು ಬ್ಯಾಡ.”

ಶುಕ್ರವಾರ ಮಧ್ಯಾಹ್ನ ಮೂವರೂ ಕಾರವಾರದ ಬಸ್ಸು ಹತ್ತಿದರು. ಕಿಟಕಿಯ ಕಡೆ ಶಿವಯೋಗೀಶ, ಅವನನ್ನು ಆನಿಸಿಕೊಂಡು ದ್ಯಾಮಣ್ಣ, ಹಿಂದಿನ ಸೀಟಿನಲ್ಲಿ ಅಮೀನಸಾಬ. ಯಲ್ಲಾಪುರದಲ್ಲಿ ಬಸ್ಸು ನಿಂತಾಗ ಅಮೀನಸಾಬ ಗೆಳೆಯನನ್ನು ಬದಿಗೆ ಕರೆದ.

“ಹೇಳಿಬಿಡು ಶಿವಣ್ಣಾ. ನನಗ ಆ ಮನಷ್ಯಾನ ಮಾರಿ ನೋಡಾಕ ಆಗವಲ್ದು. ಘಟ್ಟದಾಗ ನಿನಗ ಧಕ್ಕಿ ಆಗಬಾರದಂತ ಡ್ರೈವರಗ ಹೋಗಿ ಕೈ ಮುಗದ ಬಂದಾನ.”

“ಹೇಳ್ತೇನಿ. ಇನ್ನೊಂದ ತಾಸ ಇರ್ಲಿ,” ಎಂದ ಶಿವಯೋಗೀಶ. “ಆರು ವರ್ಷಾತು ಅಮೀನಸಾಬ, ಬಾಜೂಕ ಕುಂತು.”

ಶನಿವಾರ ಬೆಳಿಗ್ಗೆ ಬೋಟು ನಿಲ್ಲುವ ಧಕ್ಕೆಯ ಹತ್ತಿರ ಬಂದಾಗ ದ್ಯಾಮಣ್ಣ ಸುತ್ತಲೂ ನೋಡಿ ಕೇಳಿದ: “ದವಾಖಾನಿ ಎಲ್ಲೈತಿ?”

“ಡಾಕ್ಟರ್ ಊರಾಗಿಲ್ಲಂತ,” ಎಂದ ಶಿವಯೋಗೀಶ, ಸಮುದ್ರದ ಕಡೆ ಮುಖ ತಿರುಗಿಸಿ. “ಅವರು ಬರೂತನಕ ಸಮುದ್ರದ ಗಾಳಿ ತಗೊಳ್ರಿ ಅಂದಾರ. ಎದಿಗೆ ಛಲೋ ಅಂತ.”

ರೋಗಿಯ ಮಾತು ಮೀರಬಾರದೆಂದು ದ್ಯಾಮಣ್ಣ ಧೋತರ ಎತ್ತಿ ಕಟ್ಟಿ ಬೋಟು ಹತ್ತಿದ. ಕಿತ್ತಳೆ ಬಣ್ಣದ ದಪ್ಪ ಜಾಕೀಟು ತೊಡಿಸಿದರು, ತೊಡಿಸಿಕೊಂಡ. ತಮ್ಮನ ಜಾಕೀಟಿನ ಪಟ್ಟಿ ಎದೆಗೆ ಬಿಗಿಯಬಾರದೆಂದು ಸಡಿಲು ಮಾಡಿದ. ಬೋಟು ಹೊರಟಿತು. ದಂಡೆ ಸಣ್ಣದಾಯಿತು, ಹಸಿರು ಗುಡ್ಡ ಹೊತ್ತ ಎರಡು ದ್ವೀಪ ಹತ್ತಿರವಾದವು, ನೀರಿನ ಬಣ್ಣ ತಿರುಗಿತು. ಬಂಡೆಗಳ ಮರೆಯಲ್ಲಿ ಬೋಟು ನಿಲ್ಲಿಸಿ ಗೈಡ್ ಪ್ರತಾಪ ಫಾರಂಗಳ ಕಟ್ಟು ತೆಗೆದ. ನಲವತ್ತು ದಾಟಿದ, ಹದಿನೈದು ವರ್ಷ ಜನರನ್ನು ನೀರಿಗಿಳಿಸಿದ ಮನುಷ್ಯ. ಶಿವಯೋಗೀಶನ ಫಾರಂ ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು.

“ಸರ್, ನಿಮಗೆ ಹಾರ್ಟ್ ತೊಂದರೆ ಉಂಟಾ?”

ಶಿವಯೋಗೀಶ ಅಣ್ಣನನ್ನು ನೋಡಿದ. ದ್ಯಾಮಣ್ಣ ತಲೆ ತಗ್ಗಿಸಿದ.

“ಬಿ.ಪಿ.? ಉಬ್ಬಸ? ಮೂರ್ಛೆ? ಆರು ತಿಂಗಳೊಳಗೆ ಆಪರೇಷನ್ ಬೇರೆ ಆಗಿದೆ. ಕಿವಿ ಸೋರುತ್ತದೆ.” ಪ್ರತಾಪ ಕಾಗದವನ್ನು ಇನ್ನಷ್ಟು ಹತ್ತಿರ ಹಿಡಿದ. “ಮತ್ತೆ ನೀವು ಗರ್ಭಿಣಿ.”

ದ್ಯಾಮಣ್ಣ ತಲೆ ಎತ್ತಿದ. ಬೋಟಿನಲ್ಲಿದ್ದ ಬೇರೆ ಪ್ರವಾಸಿಗರೂ ತಿರುಗಿ ನೋಡಿದರು.

“ಇದನ್ನು ಯಾರು ತುಂಬಿದ್ದು?” ಎಂದು ಪ್ರತಾಪ ಕೇಳಿದ.

ಅಮೀನಸಾಬ ಗೆಳೆಯನ ಪಕ್ಕೆಗೆ ತಿವಿದ. ಶಿವಯೋಗೀಶನ ಬಾಯಿ ತೆರೆಯಿತು. ಆದರೆ ಅದಕ್ಕಿಂತ ಮೊದಲು ದ್ಯಾಮಣ್ಣ ಎದ್ದು ನಿಂತಿದ್ದ.

“ಅವಗ ಏನೂ ಕೇಳಬ್ಯಾಡ್ರಿ ಸಾಹೇಬ್ರ. ಬ್ಯಾನಿ ಮನಷ್ಯಾ, ಕೈ ನಡುಗಿ ಒಂದ ಗುರುತ ಹೆಚ್ಚಿಗಿ ಬಿದ್ದೈತಿ.”

“ಒಂದು ಹೆಚ್ಚಿರಲಿ, ಉಳಿದದ್ದು ಸಾಕು. ಇವರನ್ನು ನಾನು ನೀರಿಗೆ ಇಳಿಸುವುದಿಲ್ಲ,” ಎಂದ ಪ್ರತಾಪ. “ಇವರ ಬದಲು ನೀವು ಇಳೀರಿ. ಜಾಕೀಟು ಇದ್ದರೆ ಮುಳುಗುವುದಿಲ್ಲ, ಕೈ ಹಿಡಿದುಕೊಳ್ಳಲು ನಾನಿದ್ದೇನೆ.”

“ನಾ ಯಾಕ? ತಮ್ಮಂದು ಹಿಂಗಿದ್ದಾಗ ನಾ ಆಟಾ ಆಡ್ಲಿ?”

ಹೀಗೆಂದ ದ್ಯಾಮಣ್ಣನ ಕಣ್ಣು ಮಾತ್ರ ಪ್ರತಾಪನ ಕೈಯ ಮುಖವಾಡದ ಮೇಲಿತ್ತು. ಶಿವಯೋಗೀಶ ಅದನ್ನು ನೋಡಿದ. ವಾರವೆಲ್ಲ ಬಕೆಟ್ಟಿನಲ್ಲಿ ತಲೆ ಇಟ್ಟು, ಗಂಜಿ ಕುಡಿದು, ಊರಿಗೆಲ್ಲ ರೋಗಿಯಾಗಿ ಬಂದವನು ಅವನು. ಒಂದು ಮಾತು ಹೇಳಿದ್ದರೆ ಆ ಮುಖವಾಡ ಅವನದಾಗುತ್ತಿತ್ತು.

“ಹೋಗು ಅಣ್ಣಾ,” ಎಂದ. “ನೀ ಹೋದ್ರ ನನಗ ಸಮಾಧಾನ.”

ಸಾಯುವವನ ಮಾತೆಂದು ದ್ಯಾಮಣ್ಣ ಕಣ್ಣೊರೆಸಿಕೊಂಡು, ಮುಖವಾಡ ಹಾಕಿ, ಧೋತರದ ಕಚ್ಚೆ ಬಿಗಿದು ನೀರಿಗಿಳಿದ. ಮೊದಲು ಒಂದು ಸಲ “ಶಿವಾ” ಎಂದು ಕೂಗಿ ಮೇಲೆದ್ದ. ಎರಡನೆಯ ಸಲ ಮುಖ ನೀರಿನಲ್ಲಿಟ್ಟವನು ಮತ್ತೆ ಎತ್ತಲಿಲ್ಲ. ಕೊಳವೆಯೊಂದೇ ಮೇಲೆ ಕಾಣುತ್ತಿತ್ತು. ಐದು ನಿಮಿಷವಾಯಿತು, ಹತ್ತಾಯಿತು. ಪ್ರತಾಪ ಕರೆದರೂ ತಲೆ ಎತ್ತದೆ ಕೈಯಿಂದಲೇ ‘ಇರು’ ಎಂದ.

ಬೋಟಿನ ಇನ್ನೊಂದು ಬದಿಯಲ್ಲಿ ಅಮೀನಸಾಬ ಗಾಳ ಹಾಕಿ ಕೂತಿದ್ದ. ನೀರು ಕುಡಿದು ಬರುತ್ತೇನೆಂದು ಕೋಲನ್ನು ಶಿವಯೋಗೀಶನ ಕೈಗೆ ಕೊಟ್ಟು ಎದ್ದ. ಎದ್ದನೋ ಇಲ್ಲವೋ, ಕೋಲು ಬಾಗಿತು. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದ ಶಿವಯೋಗೀಶ ಗಾಬರಿಯಾದ. ನೀರಿನಲ್ಲಿ ಬೆಳ್ಳಗೆ ಒಂದು ಜೀವ ಒದ್ದಾಡುತ್ತಿತ್ತು. ಇದನ್ನು ಬಿಡಿಸಬೇಕು ಎಂದು ಬಗ್ಗಿದ, ಇನ್ನೂ ಸ್ವಲ್ಪ ಬಗ್ಗಿದ. ಮೀನು ಬಿಡಿಸಿಕೊಂಡು ಹೋಯಿತು, ಶಿವಯೋಗೀಶ ನೀರಿಗೆ ಬಿದ್ದ.

ಬಿದ್ದವನು ಕೂಗಿದ ಕೂಗು ಎರಡೂ ದ್ವೀಪಗಳಿಗೆ ಕೇಳಿಸಿರಬೇಕು. “ಅಮೀನಸಾಬಾ, ಅಣ್ಣಾ, ಹಿಡೀರ್ಯೋ” ಎಂದು ಒಂದೇ ಉಸಿರಿನಲ್ಲಿ, ನಿಲ್ಲಿಸದೆ, ಕೈಕಾಲು ಬಡಿಯುತ್ತ ಬೋಟಿಗೆ ಒಂದು ಸುತ್ತು ಹಾಕಿದ. ದ್ಯಾಮಣ್ಣ ಮುಖವಾಡ ಕಿತ್ತು, ಪ್ರತಾಪನ ಕೈ ಬಿಡಿಸಿಕೊಂಡು, ಈಜು ಬರದಿದ್ದರೂ ನೀರು ಬಡಿದು ಬಡಿದು ಬಂದು ತಮ್ಮನ ಕೊರಳಪಟ್ಟಿ ಹಿಡಿದ.

“ಉಸರ ಹಿಡಿ ಶಿವ್ಯಾ. ಎದಿ ಒತ್ತೇತೇನು? ಕಣ್ಣ ತೆರಿ. ನನ್ನ ಬಿಟ್ಟ ಹೋಗಬ್ಯಾಡ್ಲೇ.”

ದ್ಯಾಮಣ್ಣ ಅಳುತ್ತಿದ್ದ. ಉಪ್ಪುನೀರಿನಲ್ಲಿ ಅದು ಕಾಣುವ ಹಾಗಿರಲಿಲ್ಲ, ಆದರೆ ದನಿಯಲ್ಲಿ ಗೊತ್ತಾಗುತ್ತಿತ್ತು. ಶಿವಯೋಗೀಶನಿಗೆ ಇನ್ನು ತಡೆಯಲು ಆಗಲಿಲ್ಲ.

“ಅಣ್ಣಾ, ನನಗ ಏನೂ ಆಗಿಲ್ಲ. ಎದಿ ಗಟ್ಟಿ ಐತಿ. ಚೌಕ ಖಾಲಿ ಬಿಡಬಾರದಂತ ಗುರುತು ಹಾಕೇನಿ. ಆಪರೇಷನ್ ಇಲ್ಲ, ಡಾಕ್ಟರ್ ಇಲ್ಲ. ಮೀನ ನೋಡಾಕ ಬಂದಿದ್ದೆ.”

ದ್ಯಾಮಣ್ಣ ಕೊರಳಪಟ್ಟಿ ಬಿಟ್ಟ. ಇಬ್ಬರೂ ಜಾಕೀಟಿನಲ್ಲಿ ಎರಡು ಸೋರೆಕಾಯಿಯಂತೆ ತೇಲಿದರು. ಬಹಳ ಹೊತ್ತು ಅಣ್ಣ ತಮ್ಮನ ಮುಖವನ್ನು, ಅಳತೆ ತಪ್ಪಿದ ಕಬ್ಬಿಣದ ತುಂಡನ್ನು ನೋಡುವ ಹಾಗೆ ನೋಡಿದ. ಆಮೇಲೆ ತಿರುಗಿ ಬೋಟು ಹತ್ತಿದ.

ಅಲ್ಲಿಂದ ದ್ಯಾಮಣ್ಣ ಮಾತಾಡಲಿಲ್ಲ. ಧಕ್ಕೆಯಲ್ಲಿ ಮಾತಾಡಲಿಲ್ಲ, ಲಾಡ್ಜಿನಲ್ಲಿ ಮಾತಾಡಲಿಲ್ಲ. ಭಾನುವಾರದ ಬಸ್ಸಿನಲ್ಲಿ ಬೇರೆ ಸೀಟು ಹಿಡಿದ. ಶಿವಯೋಗೀಶ ಹಿಂದೆ ಕೂತು ಅಣ್ಣನ ತಲೆಯ ಹಿಂಭಾಗವನ್ನು ನೋಡುತ್ತ ಬಂದ. ಆರು ವರ್ಷದ್ದು ಮುಗಿದು ಹೊಸದು ಶುರುವಾಯಿತು, ಈ ಸಲದ್ದು ತನ್ನ ಮಣ್ಣಿಗೂ ಮುಗಿಯುವುದಿಲ್ಲ ಎಂದುಕೊಂಡ. ಅರಬೈಲ ಘಟ್ಟದ ತಿರುವಿನಲ್ಲಿ ಒಂದೇ ಒಂದು ಸಲ ದ್ಯಾಮಣ್ಣನ ಬಾಯಿಂದ ಮಾತು ಬಂತು. ಅದನ್ನು ಅವನು ಕಿಟಕಿಗೆ ಹೇಳಿದ.

“ಮೀನಿಗೆ ಹಳದಿ ಪಟ್ಟಿ ಇದ್ದೂ.”

ಅಷ್ಟು ಹೇಳಿ ಬಾಯಿ ಮುಚ್ಚಿದ.

ಮಧ್ಯಾಹ್ನ ಮನೆ ಮುಟ್ಟಿದಾಗ ಮತ್ತೆ ಮೂವತ್ತು ಜೊತೆ ಚಪ್ಪಲಿ. ಆಪರೇಷನ್ ಮಾಡಿಸಿಕೊಂಡವನು ನಡೆದುಕೊಂಡು, ಅದೂ ಬಿಸಿಲಿಗೆ ಕೆಂಪಾಗಿ ಬಂದದ್ದು ನೋಡಿ ಜನ ಕಕ್ಕಾಬಿಕ್ಕಿಯಾದರು. ದಾಕ್ಷಾಯಿಣಿ ಗಂಡನ ಎದೆ ಮುಟ್ಟಿ ಹೊಲಿಗೆ ಹುಡುಕಿದಳು. “ಈಗ ಎಲ್ಲಾ ಮೂಗಿನಾಗಿಂದ ಮಾಡ್ತಾರ, ಹೊಲಿಗಿ ಇರೂದಿಲ್ಲ,” ಎಂದಳು ಸಂಗವ್ವ.

ದ್ಯಾಮಣ್ಣ ನಡುಮನೆಯಲ್ಲಿ ನಿಂತು ಗಂಟಲು ಸರಿಪಡಿಸಿಕೊಂಡ. ಸುಳ್ಳು ಹೇಳಿ ಗೊತ್ತಿದ್ದವನಲ್ಲ.

“ಇವಗ ಏನೂ ಆಗಿಲ್ಲ. ಆಗಿದ್ದಿಲ್ಲ. ಬೋಟಿನಾಗ ತಿರುಗಾಡಾಕ ಹೋಗಿದ್ದ. ನನ್ನೂ ಕರಕೊಂಡು ಹೋಗಿದ್ದ. ಎಲ್ಲಾ ಸುಳ್ಳು.”

“ನಾ ಅವತ್ತ ಹೇಳಿದ್ದೆ, ದ್ವೀಪ ಅಂತ,” ಎಂದಳು ಸಂಗವ್ವ. ಒಬ್ಬಾಕೆ ಸದ್ದಿಲ್ಲದೆ ತನ್ನ ಬ್ರೆಡ್ಡಿನ ಪೊಟ್ಟಣ ವಾಪಸು ಚೀಲಕ್ಕೆ ಹಾಕಿಕೊಂಡಳು. ರಾಜಬಿ ಮಾತ್ರ ಇನ್ನೂ ಒಪ್ಪದೆ “ಮತ್ತ ಆ ಉಸರಿನ ಮಷೀನು?” ಎಂದು ಕೇಳುತ್ತಲೇ ಇದ್ದಳು. ದಾಕ್ಷಾಯಿಣಿ ಗಂಡನ ಕಡೆ ನೋಡಿದ ನೋಟಕ್ಕೆ ಇನ್ನೂ ಎಷ್ಟು ದಿನ ಗಂಜಿ ಇದೆಯೋ ಎಂದು ಅವನಿಗೆ ಭಯವಾಯಿತು. ಆದರೆ ಅವಳು ಮಾತಾಡಿದ್ದು ಗಂಡನ ಅಪರಾಧದ ಬಗ್ಗೆ ಅಲ್ಲ, ಭಾವನ ಬಗ್ಗೆ.

“ಹಂಗಾರ ಭಾವಾರ, ನೀವು ಮತ್ತ ಮಾತು ಬಿಡ್ತೀರೇನ್ರಿ?”

“ಬಿಡಬೇಕು,” ಎಂದ ದ್ಯಾಮಣ್ಣ. “ಬಿಡೂವಂಥಾದ್ದ ಮಾಡ್ಯಾನ.” ಚೀಲ ಹೆಗಲಿಗೇರಿಸಿ ಬಾಗಿಲಿಗೆ ಹೋದ. ಆ ಮೂವತ್ತು ಜೊತೆಯಲ್ಲಿ ತನ್ನವನ್ನು ಹುಡುಕಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ.

ತಪ್ಪಾಯಿತು ಎನ್ನಬೇಕೋ, ನಿಲ್ಲು ಎನ್ನಬೇಕೋ ಶಿವಯೋಗೀಶನಿಗೆ ತಿಳಿಯಲಿಲ್ಲ. ತಲೆ ಪೂರ್ತಿ ಖಾಲಿಯಾಗಿತ್ತು. ಬಾಯಿಗೆ ಬಂದದ್ದನ್ನು ಕೇಳಿದ.

“ಅಣ್ಣಾ, ಆ ಹಳದಿ ಪಟ್ಟೀದು... ಒಂದ ಇತ್ತೇನು?”

ದ್ಯಾಮಣ್ಣ ನಿಂತ. ಇನ್ನೊಂದು ಚಪ್ಪಲಿಯ ಮೇಲೆ ಇಟ್ಟ ಕಾಲು ಅಲ್ಲೇ ನಿಂತಿತು.

“ಒಂದ? ಯಾರಂದ್ರು ಒಂದ ಅಂತ?” ತಿರುಗಿದ. “ನೂರು ಇದ್ದೂ. ಎಲ್ಲಾ ಒಮ್ಮೆ ಎಡಕ ತಿರಗ್ತಿದ್ದೂ, ಒಮ್ಮೆ ಬಲಕ. ನಮ್ಮ ಫ್ಯಾಕ್ಟರ್‍ಯಾಗ ಮುನ್ನೂರ ಮಂದಿ ಇದ್ರು, ಒಂದ ದಿನಾ ಹಂಗ ತಿರಗಲಿಲ್ಲ.” ಸುತ್ತ ನಿಂತವರನ್ನು ನೋಡಿದ. ಅವರ ಮುಖದಲ್ಲಿ ಯಾರಿಗೂ ಏನೂ ಅರ್ಥವಾದ ಹಾಗೆ ಕಾಣಲಿಲ್ಲ. ಅರ್ಥವಾಗುವವನು ಆ ಊರಿನಲ್ಲಿ ಒಬ್ಬನೇ ಇದ್ದ. “ಅವುಕ್ಕಿಂತ ಕೆಳಗ ಒಂದ ಬ್ಯಾರೆ ಇತ್ತು. ಕಲ್ಲಿನಾಗ ಕುಂತಿತ್ತು, ದೊಡ್ಡದು. ನನ್ನ ನೋಡ್ತು.”

“ನೋಡಿ ಏನ ಮಾಡ್ತು?” ಎಂದು ಕೇಳಿದ ಶಿವಯೋಗೀಶ.

ದ್ಯಾಮಣ್ಣ ಒಳಗೆ ಬಂದ. ತಮ್ಮನ ಎದುರು ನೆಲದ ಮೇಲೆ ಕೂತು ಎರಡೂ ಕೈ ಅಗಲಿಸಿ ಆ ಮೀನಿನ ಅಳತೆ ತೋರಿಸಿದ. ಸರಿಯಾಗಲಿಲ್ಲವೆಂದು ಇನ್ನೂ ಅರ್ಧ ಮೊಳ ಹೆಚ್ಚಿಸಿದ. ಆಮೇಲೆ, ಇದು ಬೇಗ ಮುಗಿಯುವ ಮಾತಲ್ಲವೆಂದು, ಕಾಲಲ್ಲೇ ಉಳಿದಿದ್ದ ಆ ಒಂದು ಚಪ್ಪಲಿಯನ್ನು ಬಿಚ್ಚಿ ಬಾಗಿಲ ಕಡೆ ಒಗೆದ.